ಇಂಗ್ಲೆಂಡಿನ ವಾಷಿಂಗ್ಟನ್‌ಗೆ ಒಂದು ಬಸ್ ಪ್ರಯಾಣ

ನ್ಯೂಕ್ಯಾಸಲ್‌ನಿಂದ ವಾಷಿಂಗ್ಟನ್‌ಗೆ ಬಸ್ಸಿದೆ. ದೂರ ಜಾಸ್ತಿಯೇನಿಲ್ಲ. ಊರಿನೊಳಗೆ ಬಂದಾಗ ಕಣ್ಣಿಗೆ ಬೀಳುವುದು ಬಡಾವಣೆಗಳು, ಸರ್ಕಲ್‌ಗಳು, ದೊಡ್ಡದೊಂದು ಶಾಪಿಂಗ್ ಸೆಂಟರ್. ಕಲ್ಲಿದ್ದಲು ಗಣಿಗಳಿದ್ದ ಈ ಊರನ್ನು 1964ರಲ್ಲಿ ಸರ್ಕಾರ 'ನ್ಯೂ ಟೌನ್' ಎಂದು ಘೋಷಿಸಿ ಬೆಳೆಸಿತು. ನಿಸ್ಸಾನ್ ಕಾರ್ಖಾನೆಯೂ ಹತ್ತಿರದಲ್ಲೇ ಇದೆ. ಅಮೆರಿಕದ ಮೊದಲ ಅಧ್ಯಕ್ಷರ ಮನೆತನಕ್ಕೆ ಹೆಸರು ಸಿಕ್ಕಿದ್ದು ಇಲ್ಲಿಂದ ಅಂದರೆ ಸುಲಭಕ್ಕೆ ನಂಬಿಕೆ ಬರುವುದಿಲ್ಲ.

ಹಳೇ ಹಳ್ಳಿ ಇರುವುದು ಒಂದು ಪಕ್ಕಕ್ಕೆ. ದಿಬ್ಬದ ಮೇಲೆ ಚರ್ಚು, ಅದರ ಬುಡದಲ್ಲಿ 'ವಾಷಿಂಗ್ಟನ್ ಓಲ್ಡ್ ಹಾಲ್' ಎಂಬ ಕಲ್ಲಿನ ಮನೆ.

ಹೆಸರಿನ ಕಥೆ ಶುರುವಾಗುವುದು ಒಂದು ಜಮೀನಿನ ಅದಲುಬದಲಿನಿಂದ. ಡರ್ಹಮ್‌ನ ಬಿಷಪ್ ತನ್ನ ಜಮೀನುಗಳ ಲೆಕ್ಕ ಬರೆಸಿದ 1183ರ 'ಬೋಲ್ಡನ್ ಬುಕ್'ನಲ್ಲಿ ಅದು ದಾಖಲಾಗಿದೆ. ವಿಲಿಯಂ ಎಂಬಾತ ಹಾರ್ಟ್‌ಬರ್ನ್ ಎಂಬ ತನ್ನ ಊರನ್ನು ಬಿಟ್ಟುಕೊಟ್ಟು ಈ ಊರನ್ನು ಪಡೆದ. ಗೇಣಿ ನಾಲ್ಕು ಪೌಂಡು. ಜೊತೆಗೆ ಬಿಷಪ್ಪನ ದೊಡ್ಡ ಬೇಟೆಗೆ ನಾಲ್ಕು ಬೇಟೆನಾಯಿಗಳನ್ನು ಕರೆದುಕೊಂಡು ಹೋಗಬೇಕು! ಊರು ಬದಲಾಯಿತು, ಹೆಸರೂ ಬದಲಾಯಿತು. 'ಹಾರ್ಟ್‌ಬರ್ನ್‌ನ ವಿಲಿಯಂ' ಆಗಿದ್ದವನು ವಾಷಿಂಗ್ಟನ್‌ನವನಾದ. ನಮ್ಮಲ್ಲಿ ಊರು ಬಿಟ್ಟು ಮೂರು ತಲೆಮಾರಾದರೂ ಹಳೇ ಊರಿನ ಇನಿಷಿಯಲ್ ಬಿಡುವುದಿಲ್ಲ, ಅಲ್ವಾ? ಆ ಕಾಲದ ಇಂಗ್ಲೆಂಡಿನಲ್ಲಿ ಹೆಸರು ಹಾಗೆ ಗಟ್ಟಿಯಾಗಿರಲಿಲ್ಲ. ಜಮೀನು ಎಲ್ಲಿದೆಯೋ ಆ ಊರಿನ ಹೆಸರು. ಅದು ವಂಶಕ್ಕೇ ಅಂಟಿಕೊಂಡಿದ್ದು ಆಮೇಲೆ.

ಅಂಟಿಕೊಂಡ ಮೇಲೆ ಹೆಸರು ಊರು ಬಿಟ್ಟು ಹೊರಟಿತು. ಒಂದು ಶಾಖೆ ಲ್ಯಾಂಕಾಷೈರ್‌ಗೆ, ಅಲ್ಲಿಂದ ನಾರ್ಥಾಂಪ್ಟನ್‌ಷೈರ್‌ಗೆ. ಅಲ್ಲಿ ಉಣ್ಣೆ ವ್ಯಾಪಾರಿ ಲಾರೆನ್ಸ್ ವಾಷಿಂಗ್ಟನ್ 1539ರಲ್ಲಿ ಎಂಟನೇ ಹೆನ್ರಿಯಿಂದ ಸಲ್‌ಗ್ರೇವ್ ಜಮೀನು ಕೊಂಡ. ಅವನ ವಂಶದ ಜಾನ್ 1650ರ ದಶಕದಲ್ಲಿ ವರ್ಜೀನಿಯಾ ಸೇರಿದ. ಜಾರ್ಜ್ ವಾಷಿಂಗ್ಟನ್ ಈ ಜಾನ್‌ನ ಮರಿಮಗ.

ಈಗ ಕಾಣುವ ಮನೆಯ ಬಹುಪಾಲು 17ನೇ ಶತಮಾನದ್ದು. ಅಡುಗೆಮನೆ ಮತ್ತು ದೊಡ್ಡ ಹಾಲ್ ನಡುವಿನ ಕಮಾನುಗಳು ಮಾತ್ರ ಅದಕ್ಕಿಂತ ಹಳೆಯವು. ಜಾರ್ಜ್‌ನ ಚಿತ್ರಗಳ ಮುಂದೆ ನಾನು ಹೆಚ್ಚು ನಿಲ್ಲಲಿಲ್ಲ. ಅವರು ಇಲ್ಲಿಗೆ ಬಂದವರೇ ಅಲ್ಲ. ನನಗೆ ಹಿಡಿಸಿದ್ದು ಮಹಡಿಯ ಕೋಣೆ. ಒಂದು ಕಾಲಕ್ಕೆ ಈ ಮನೆಯನ್ನು ವಠಾರ ಮಾಡಿ, ಬಡ ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿದ್ದರು. ಆ ಬದುಕನ್ನು ಅಲ್ಲಿ ತೋರಿಸಿದ್ದಾರೆ. 1930ರ ದಶಕದಲ್ಲಿ ಮನೆ ಕೆಡವುವ ಹಂತಕ್ಕೆ ಬಂದಾಗ ಉಳಿಸಲು ಓಡಾಡಿದ್ದು ಊರಿನ ಮೇಷ್ಟ್ರು ಫ್ರೆಡ್ ಹಿಲ್. 1957ರಿಂದ ಅದು ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೈಯಲ್ಲಿದೆ. 1977ರಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಈ ಹಳ್ಳಿಗೆ ಬಂದು ಗಿಡ ನೆಟ್ಟು ಹೋದರು.

ಮನೆತನದ ಲಾಂಛನದಲ್ಲಿ ಮೂರು ಕೆಂಪು ನಕ್ಷತ್ರ, ಕೆಳಗೆ ಎರಡು ಕೆಂಪು ಪಟ್ಟಿ. ಅಮೆರಿಕದ ಬಾವುಟ ಹುಟ್ಟಿದ್ದು ಇದರಿಂದಲೇ ಎನ್ನುವವರಿದ್ದಾರೆ. ಅದಕ್ಕೆ ದಾಖಲೆಯಿಲ್ಲ, ಸುಮ್ನೆ ಹೇಳುವ ಮಾತು. ರಾಜಧಾನಿ ವಾಷಿಂಗ್ಟನ್ ನಗರದ ಬಾವುಟವಂತೂ ಈ ಲಾಂಛನವೇ. 1938ರಲ್ಲಿ ಅದನ್ನು ಒಪ್ಪಿಕೊಂಡರು.

ಸಮಯವಿದ್ದರೆ ಡರ್ಹಮ್ ಕೆಥೆಡ್ರಲ್‌ಗೂ ಹೋಗಿ. 1416ರಿಂದ 1446ರವರೆಗೆ ಅಲ್ಲಿನ ಮಠದ ಮುಖ್ಯಸ್ಥನಾಗಿದ್ದವನು ಇನ್ನೊಬ್ಬ ಜಾನ್ ವಾಷಿಂಗ್ಟನ್. ಅವನ ನೆನಪಿನ ಫಲಕ ಒಳಾಂಗಣದ ಮೊಗಸಾಲೆಯಲ್ಲಿದೆ. ಅವನು ಕಾಣದ ನಾಡಿನಲ್ಲಿ ಮನೆತನ ಹೆಸರು ಮಾಡಿತು ಎಂದು ಅದರಲ್ಲಿ ಬರೆದಿದ್ದಾರೆ.