ಗೌಡ್ರ ಫೋನು

14 ಜುಲೈ 2024, ಭಾನುವಾರ

ತೀರ್ಥಹಳ್ಳಿ ಗೌಡ್ರು ಫೋನ್ ಮಾಡಿದ್ದರು. ಮಳೆ, ಅಡಿಕೆ ರೇಟು, ನನ್ನ ಬೆನ್ನುನೋವು ಎಲ್ಲ ಮುಗಿದ ಮೇಲೆ ಮಗನ ವಿಷಯಕ್ಕೆ ಬರುವ ಮನುಷ್ಯ. ಇವತ್ತು ನೇರವಾಗಿ ಕೇಳಿಬಿಟ್ಟರು.

"ಮೇಷ್ಟ್ರೇ, ಪೈಲಟ್ ಕೆಲಸದ ಪಟ್ಟಿ ಕೊಡೋ ಯಾವುದೋ ವೆಬ್‌ಸೈಟಿಗೆ ದುಡ್ಡು ಕಟ್ಬೇಕು ಅಂತಿದಾನೆ ಹುಡುಗ. ವರ್ಷಕ್ಕಿಷ್ಟು ಅಂತ, ಡಾಲರ್‌ನಲ್ಲಿ. ಕಟ್ಟಬೌದಾ?"

ತೋಟದ ಮೇಲೆ ಸಾಲ ಎತ್ತಿ ಮಗನಿಗೆ ಸಿಪಿಎಲ್, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಮಾಡಿಸಿದವರು. ಈ ಚಿಲ್ಲರೆ ದುಡ್ಡಿಗೆ ನನ್ನನ್ನು ಕೇಳುತ್ತಿದ್ದಾರೆ. ಮೊದಲು ನಗು ಬಂತು. ಆಮೇಲೆ ಬರಲಿಲ್ಲ.

ಇಂಡಿಗೋ, ಏರ್ ಇಂಡಿಯಾ, ಆಕಾಸಾ, ಯಾವುದೇ ಆಗಲಿ, ಕೆಲಸ ಕರೆದರೆ ತಮ್ಮ ಸೈಟಿನಲ್ಲೇ ಹಾಕುತ್ತಾರೆ, ಅರ್ಜಿಯನ್ನೂ ಅಲ್ಲೇ ಹಾಕಬೇಕು, ನೋಡಲು ದುಡ್ಡು ಬೇಡ ಅಂತ ಹೇಳಿದೆ.

"ಹಾಗಾದ್ರೆ ಇವ್ನು ಮಾರೋದು ಎಂತ?"

"ಅಲ್ಲಿ ಇಲ್ಲಿ ಇರೋದನ್ನ ಒಂದು ಕಡೆ ಒಟ್ಟು ಹಾಕಿ ಕೊಡ್ತಾರೆ."

"ಮಂಡೀಲೂ ಕಮಿಷನ್ ಹಿಡೀತಾರೆ ಮಾರಾಯ್ರೇ. ಆದ್ರೆ ಮಾಲು ಹೋದ ಮೇಲೆ. ಇವ್ನು ಮೊದಲೇ ಇಸ್ಕೊಳ್ತಾನಾ?"

ಇಷ್ಟು ವರ್ಷ ಈ ಹುಡುಗರಿಗೆ ನ್ಯಾವಿಗೇಶನ್ ಪಾಠ ಹೇಳಿದೆ. ಈ ಮಾತನ್ನು ಇಷ್ಟು ನೆಟ್ಟಗೆ ಯಾರೂ ಹೇಳಿದ್ದಿಲ್ಲ. ಹೊರದೇಶದ ಏರ್‌ಲೈನ್‌ಗಳಿಗೆ ಕಾಂಟ್ರಾಕ್ಟ್ ಮೇಲೆ ಪೈಲಟ್ ಒದಗಿಸುವ ಒಳ್ಳೆ ಏಜೆನ್ಸಿಗಳೂ ಹೀಗೆಯೇ, ಏರ್‌ಲೈನ್ ಹತ್ತಿರ ದುಡ್ಡು ತಗೊಳ್ಳುತ್ತವೆ, ಪೈಲಟ್ ಹತ್ತಿರ ಅಲ್ಲ.

ಆದರೆ ಆ ಸೈಟುಗಳನ್ನು ಪೂರ್ತಿ ಬೈಯಲೂ ಮನಸ್ಸಾಗುವುದಿಲ್ಲ. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತುಹೋಯಿತಲ್ಲ, ಅಂಥ ಹೊತ್ತಿನಲ್ಲಿ ಬೋಯಿಂಗ್ 737ರ ಮೇಲೆ ಸಾವಿರಾರು ಗಂಟೆ ಹಾರಿಸಿದ ಕ್ಯಾಪ್ಟನ್‌ಗೆ ಯಾವ ದೇಶದಲ್ಲಿ ಯಾರಿಗೆ ಜನ ಬೇಕು ಅಂತ ಒಂದೇ ಕಡೆ ಸಿಕ್ಕರೆ ಅನುಕೂಲವೇ. ಅವರು ಕಟ್ಟಲಿ. ಗೌಡ್ರ ಮಗನ ಲಾಗ್‌ಬುಕ್ಕಿನಲ್ಲಿರುವುದು ಇನ್ನೂರು ಚಿಲ್ಲರೆ ಗಂಟೆಯ ಹಾರಾಟ ಮಾತ್ರ. ಆ ಪಟ್ಟಿ ತೆರೆದರೆ ಕಾಣುವುದೇ ಬೇರೆ: ಅದೇ ವಿಮಾನದ ಮೇಲೆ ಇಷ್ಟು ನೂರು ಗಂಟೆ ಆಗಿರಬೇಕು, ಆ ದೇಶದಲ್ಲಿ ದುಡಿಯುವ ಹಕ್ಕು ಇರಬೇಕು, ಅಲ್ಲಿನ ಲೈಸೆನ್ಸ್ ಇರಬೇಕು.

ಅಮೆರಿಕದಲ್ಲಿ 2009ರ ಕೋಲ್ಗನ್ ಏರ್ ಅಪಘಾತ ಆದ ಮೇಲೆ ನಿಯಮ ಬಿಗಿ ಮಾಡಿದರು. 2013ರಿಂದ ಅಲ್ಲಿ ಏರ್‌ಲೈನ್‌ನ ಬಲಗಡೆ ಸೀಟಿಗೂ, ಅಂದರೆ ಕೋ-ಪೈಲಟ್ ಕೆಲಸಕ್ಕೂ, ಸಾಮಾನ್ಯವಾಗಿ 1,500 ಗಂಟೆ ಬೇಕು. ಹಾಗಾಗಿ ಹುಡುಗರು ನಡುವೆ ಪಾಠ ಹೇಳಿಕೊಡುತ್ತಾರೆ, ಸಾಮಾನು ಸಾಗಿಸುತ್ತಾರೆ, ಸರ್ವೆ ಹಾರಿಸುತ್ತಾರೆ. ಆ ನಡುವಿನ ಕೆಲಸಗಳಿಗೆ ಪಟ್ಟಿ ಬೇಕಾಗುತ್ತದೆ, ಪಟ್ಟಿಗೂ ಬೆಲೆ ಇದೆ. ನಮ್ಮಲ್ಲಿ 200 ಗಂಟೆಗೆ ಸಿಪಿಎಲ್, ಆಮೇಲೆ ಲಕ್ಷಗಟ್ಟಲೆ ಸುರಿದು ಟೈಪ್ ರೇಟಿಂಗ್ (ಒಂದು ಮಾದರಿಯ ವಿಮಾನ ಹಾರಿಸುವ ಅರ್ಹತೆ), ನಂತರ ಸೀದಾ ಏರ್‌ಬಸ್ ಎ320. ನಡುವಿನ ಮೆಟ್ಟಿಲೇ ಕಡಿಮೆ. ಇಲ್ಲದ ಕೆಲಸವನ್ನು ಯಾವ ಸೈಟು ತಾನೇ ಪಟ್ಟಿ ಮಾಡೀತು?

ಪದ್ಮಾ ಬಂದು "ಎಷ್ಟೊತ್ತು ಗೊಣಗ್ತೀರಿ" ಅಂದಳು. ಗೊಣಗಲಿಲ್ಲ, ಬರೆಯುತ್ತಿದ್ದೆ.

ನನಗೆ ಸಿಟ್ಟು ಬರುವುದು ಪೇಪರಿನವರ ಮೇಲೆ. ಹೋದ ವರ್ಷ ಏರ್ ಇಂಡಿಯಾ 470 ವಿಮಾನ, ಇಂಡಿಗೋ 500 ವಿಮಾನ ಆರ್ಡರ್ ಕೊಟ್ಟವು. ಅಷ್ಟೇ, ಪೈಲಟ್‌ಗಳಿಗೆ ಬರ ಅಂತ ಎಲ್ಲೆಲ್ಲೂ ಸುದ್ದಿ. ಅದೇ 2023ರಲ್ಲಿ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ 1,622 ಸಿಪಿಎಲ್ ಕೊಟ್ಟಿದೆ. ವಿಮಾನ ಬರುವುದು ವರ್ಷಗಟ್ಟಲೆ ಕಂತಿನಲ್ಲಿ, ಹುಡುಗ ಪಾಸಾಗಿರುವುದು ಈಗ. ಅದರ ಮೇಲೆ ಅದೇ ವರ್ಷ ಮೇ ತಿಂಗಳಲ್ಲಿ ಗೋ ಫಸ್ಟ್ ಏರ್‌ಲೈನ್ ನಿಂತಿತು. ಎ320 ಹಾರಿಸಿ ಗೊತ್ತಿದ್ದವರೇ ಕೆಲಸ ಹುಡುಕುತ್ತಾ ಬಂದಾಗ ಹೊಸಬರನ್ನು ಯಾರು ಮೊದಲು ಕರೆಯುತ್ತಾರೆ? ಗೌಡ್ರಿಗೆ ಇದನ್ನೆಲ್ಲ ಹೇಳಲು ಹೋಗಲಿಲ್ಲ. ಅವರಿಗೆ ಮಳೆ ಸ್ವಲ್ಪ ಹೊಳವಾದರೆ ತೋಟಕ್ಕೆ ಔಷಧಿ ಹೊಡೆಸುವ ಚಿಂತೆ. ಅಡಿಕೆಗೆ ಕೊಳೆರೋಗ ಶುರುವಾಗಿದೆಯಂತೆ.

"ಆ ದುಡ್ಡನ್ನ ಇನ್‌ಸ್ಟ್ರುಮೆಂಟ್ ರೇಟಿಂಗ್ ರಿನ್ಯೂವಲ್‌ಗೆ ಇಟ್ಕೊಳ್ಳಿ" ಅಂತಷ್ಟೇ ಹೇಳಿದೆ. ಹೊರಗೆ ಏನೂ ಕಾಣದಿದ್ದರೂ ಉಪಕರಣ ನೋಡಿಕೊಂಡೇ ಹಾರಿಸುವ ಅರ್ಹತೆ ಅದು; ಅದಕ್ಕೆ ವರ್ಷಕ್ಕೊಮ್ಮೆ ಚೆಕ್, ಮೆಡಿಕಲ್ಲೂ ವರ್ಷಕ್ಕೊಮ್ಮೆ. ಪೈಲಟ್ ಸುಮ್ನೆ ಮನೇಲಿ ಕೂತರೂ ಖರ್ಚು.

ರಾತ್ರಿ ಹುಡುಗನೇ ಫೋನ್ ಮಾಡಿದ. ಅಪ್ಪನಿಗೆ ಯಾಕೆ ಬೇಡ ಅಂದ್ರಿ ಸರ್ ಅಂತ. ಸಿಟ್ಟಿರಲಿಲ್ಲ ದನಿಯಲ್ಲಿ, ಸುಸ್ತು ಇತ್ತು. ಡಿಜಿಸಿಎ ಸೈಟಿನಲ್ಲಿ ನಾನ್-ಶೆಡ್ಯೂಲ್ಡ್ ಆಪರೇಟರ್‌ಗಳ, ಅಂದರೆ ಚಾರ್ಟರ್ ಥರದ ಕಂಪನಿಗಳ, ಪಟ್ಟಿ ಇದೆ, ಯಾರ ಹತ್ತಿರ ಯಾವ ವಿಮಾನ ಇದೆ ಅನ್ನುವುದೂ ಇದೆ, ಪುಕ್ಕಟೆ, ಅದನ್ನು ಹಿಡಿದು ಒಬ್ಬೊಬ್ಬರಿಗೇ ಬರೆ ಅಂದೆ. ಬರೆದಾಗಿದೆ, ಉತ್ತರ ಇಲ್ಲ ಅಂದ. ಬೋಟ್ಸ್ವಾನಾದ ಮೌನ್ ಊರಿನ ಕಥೆ ಹೇಳಿದೆ. ಓಕವಾಂಗೋ ಡೆಲ್ಟಾದ ಲಾಡ್ಜ್‌ಗಳಿಗೆ ಸಣ್ಣ ಸೆಸ್ನಾ ವಿಮಾನಗಳಲ್ಲಿ ಪ್ರವಾಸಿಗಳನ್ನು ಬಿಡುವ ಕೆಲಸ. ಕಡಿಮೆ ಗಂಟೆಯ ಹುಡುಗರು ಆ ಊರಿಗೇ ಹೋಗಿ ಉಳಿದು, ಕಂಪನಿ ಬಾಗಿಲು ತಟ್ಟಿ ಕೆಲಸ ಹಿಡಿಯುತ್ತಿದ್ದರು. ಅದು ಯಾವ ಪಟ್ಟಿಗೂ ಬರುತ್ತಿರಲಿಲ್ಲ.

"ನಮ್ಮಲ್ಲೂ ಅದೇ ತಾನೇ ಸರ್" ಅಂದ. "ನಮ್ ಬ್ಯಾಚಲ್ಲಿ ಒಬ್ಬನ ಮಾವ ಕ್ಯಾಪ್ಟನ್. ಇನ್ನೊಬ್ಬಳ ಅಪ್ಪ ಏರ್‌ಫೋರ್ಸ್. ಯಾವಾಗ ಕರೀತಾರೆ, ಯಾರಿಗೆ ಮೇಲ್ ಹಾಕ್ಬೇಕು, ಅವ್ರಿಗೆ ಮೊದ್ಲೇ ಗೊತ್ತಾಗತ್ತೆ. ನಂಗ್ಯಾರು ಹೇಳ್ತಾರೆ? ಈ ಸೈಟಲ್ಲಿ ಆದ್ರೂ ಎಲ್ಲರಿಗೂ ಒಂದೇ ರೇಟು. ನಿಮ್ಮಪ್ಪ ಯಾರು ಅಂತ ಕೇಳಲ್ಲ."

ಇದಕ್ಕೆ ಏನು ಹೇಳುವುದು? ಅವನು ದುಡ್ಡು ಕಟ್ಟಲು ಹೊರಟಿದ್ದು ಪಟ್ಟಿಗಲ್ಲ, ಆ ಮಾವನಿಗೆ. ಮಾವ ಅಲ್ಲಿ ಸಿಗುವುದಿಲ್ಲ, ಅದು ಬೇರೆ ಮಾತು. ಆದರೆ ಅವನು ದಡ್ಡ ಅಂತೂ ಅಲ್ಲ.

ಕಟ್ಟುವುದಾದರೆ ಒಂದು ತಿಂಗಳಿಗೆ ಮಾತ್ರ ಕಟ್ಟು, ತಾನಾಗೇ ರಿನ್ಯೂ ಆಗುವುದನ್ನು ಮೊದಲೇ ಆಫ್ ಮಾಡು, ಪಾಸ್‌ಪೋರ್ಟ್ ಕಾಪಿ, ಲೈಸೆನ್ಸ್ ಕಾಪಿ ಕೇಳಿದರೆ ಕೊಡಬೇಡ ಅಂದೆ. ಇಂಟರ್‌ವ್ಯೂ ಗ್ಯಾರಂಟಿ ಅಂತ ಇನ್ನಷ್ಟು ಕೇಳಿದರೆ ಅಲ್ಲಿಗೇ ಬಿಡು ಅಂತಲೂ.

ಜಕ್ಕೂರಿನ ನಮ್ಮ ಹಳೆ ಹುಡುಗ ಒಬ್ಬ ಈಗ ಚಾರ್ಟರ್ ಕಂಪನಿಯಲ್ಲಿ ಕ್ಯಾರವಾನ್ ಅನ್ನೋ ಸಣ್ಣ ವಿಮಾನ ಹಾರಿಸುತ್ತಾನೆ. ನಾನು ಒಂದು ಮಾತು ಹೇಳಿದರೆ ಕೇಳಿಯಾನು. ನಾಳೆ ಫೋನ್ ಮಾಡಬಹುದು. ಆದರೆ ಮಾಡಿದರೆ ಇವನಿಗೆ ನಾನೇ ಆ ಮಾವ ಆದಂತೆ, ಅಲ್ವಾ? ಕೊಪ್ಪಳದ ಹುಡುಗಿಯೂ ಇದ್ದಾಳೆ, ಮಾರ್ಕ್ಸ್ ಇವನಿಗಿಂತ ಜಾಸ್ತಿ, ಅವಳ ಅಪ್ಪ ನನಗೆ ಯಾವತ್ತೂ ಫೋನ್ ಮಾಡಿದವರಲ್ಲ, ಹಾಗಂತ ಅವಳ ಹೆಸರನ್ನೂ ಜೊತೆಗೆ ಹೇಳಿದರೆ ಇರುವುದೇ ಒಂದು ಸೀಟು ಅಂದಾಗ