ಹಿಂಡು ಕೂಡಿಹಾಕೋಕೆ ಅರ್ಧ ಗಂಟೆ ಸಾಲದು

ದಕ್ಷಿಣ ಫ್ರಾನ್ಸಿನ ಕಮಾರ್ಗ್‌ನಲ್ಲಿ ಪಶುವೈದ್ಯರ ತಂಡವೊಂದರಲ್ಲಿ ಕೆಲಸ ಮಾಡುತ್ತೇನೆ. ರೋನ್ ನದಿ ಸಮುದ್ರ ಸೇರುವ ಜೌಗು ನೆಲ ಇದು. ಇಲ್ಲಿನ ಕಪ್ಪು ದನಗಳಿಗೆ ಕೊಟ್ಟಿಗೆಯ ರೂಢಿಯಿಲ್ಲ. ಬಿಳಿ ಕುದುರೆ ಹತ್ತಿ ಅವನ್ನು ಕಾಯುವವರು ಗಾರ್ದಿಯಾನ್‌ಗಳು.

ಈ ದನಗಳಿಗೆ ನಾವು ಮಾಡುವ ಟಿಬಿ ಟೆಸ್ಟ್ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಕುತ್ತಿಗೆಯ ಚರ್ಮಕ್ಕೆ ಟ್ಯುಬರ್ಕ್ಯುಲಿನ್ ಅನ್ನೋ ಟಿಬಿ ಪತ್ತೆಯ ದ್ರವ ಚುಚ್ಚಬೇಕು. 72 ಗಂಟೆಯ ನಂತರ ಅದೇ ದನವನ್ನು ಮತ್ತೆ ಹಿಡಿದು, ಕ್ಯಾಲಿಪರ್ ಹಾಕಿ ಬಾವು ಅಳೆಯಬೇಕು. ಆಚೀಚೆ 4 ಗಂಟೆಯಷ್ಟೇ ಸಡಿಲ. ತಪ್ಪಿದರೆ ಆರು ವಾರ ಕಾದು ಮತ್ತೆ ಮೊದಲಿಂದ ಶುರು. ಎರಡು ಸಲ ಹಿಂಡು ಕೂಡಿಹಾಕುವ ಈ ಕೆಲಸಕ್ಕೆ ಆಫೀಸಿನ ಪಟ್ಟಿಯಲ್ಲಿ ಇದ್ದದ್ದು ಅರ್ಧರ್ಧ ಗಂಟೆ!

ಮೊದಲ ದಿನ ಗಾರ್ದಿಯಾನ್‌ಗಳು ಸದ್ದಿಲ್ಲದೆ ತಂದು ನಿಲ್ಲಿಸಿದರು. ಅಳೆಯುವ ದಿನ ತಡವಾಯಿತು ಅಂತ ಮೇಲಿನವರು ಡ್ರೋನ್ ಹಾರಿಸಿದರು. ಹಿಂಡು ಚೆದುರಿ ಜೊಂಡಿನೊಳಗೆ ನುಗ್ಗಿತು. ಕೋಡಿನ ತುದಿ ಬಿಟ್ಟು ಏನೂ ಕಾಣದು.

ನನ್ನ ಕಣ್ಣೆಲ್ಲ ಗಡಿಯಾರದ ಮೇಲೆ. ಹಿರಿಯ ಗಾರ್ದಿಯಾನ್ ಮಾತ್ರ ಕುದುರೆ ನಿಲ್ಲಿಸಿದ. "ಡ್ರೋನ್ ಕೆಳಗಿಳಿಸಿ. ಯಾರೂ ಅಲುಗಾಡಬೇಡಿ," ಅಂದ. ಆ ಹೊತ್ತು ಉಸಿರಾಡೋಕೂ ಭಯವಾಗಿತ್ತು. ದನಗಳು ತಲೆ ತಗ್ಗಿಸಿ ಮೇಯಲು ಶುರುಮಾಡಿದ ಮೇಲೆಯೇ ಇಬ್ಬರು ಸವಾರರು ನೀರಿನೊಳಗಿಂದ ಬಳಸಿಕೊಂಡು ಹಿಂದೆ ಹೋದರು. ಗೇಟಿನ ಹತ್ತಿರ ಸಿಂಬೆವನ್ನು ಬಿಟ್ಟರು. ಗಂಟೆ ಕಟ್ಟಿದ, ಪಳಗಿದ ಎತ್ತು ಅದು.

ಆ ಕುದುರೆಗಳನ್ನು ನೋಡಬೇಕು. ಹೆಗಲೆತ್ತರ 150 ಸೆಂಟಿಮೀಟರ್ ಇದ್ದರೆ ಹೆಚ್ಚು. ಹುಟ್ಟುವಾಗ ಕಪ್ಪೋ ಕಂದೋ, ಬೆಳೆಯುತ್ತಾ ಬೆಳ್ಳಗಾಗುತ್ತವೆ. ಎದೆಮಟ್ಟದ ನೀರಲ್ಲೂ ಹೆಜ್ಜೆ ತಪ್ಪಲಿಲ್ಲ. ಒಂದು ಹೋರಿ ಭುಜ ತಿರುಗಿಸಿತಷ್ಟೇ, ಸವಾರ ಲಗಾಮು ಎಳೆಯುವ ಮೊದಲೇ ಕುದುರೆ ಅಡ್ಡ ಬಂದು ನಿಂತಿತ್ತು. ಸವಾರರ ಕೈಯಲ್ಲಿದ್ದ, ದನ ಅಟ್ಟುವ ತ್ರಿಶೂಲ ಯಾವ ದನಕ್ಕೂ ತಾಗಲಿಲ್ಲ. ಗಂಟೆ ಸದ್ದಿನ ಹಿಂದೆ ಹಿಂಡು ತಾನಾಗೇ ಬಂತು.

ಕೊನೆಯ ದನದ ಕುತ್ತಿಗೆಗೆ ಕ್ಯಾಲಿಪರ್ ಹಾಕಿದಾಗ ಗಡುವಿಗೆ ಸ್ವಲ್ಪವೇ ಬಾಕಿ.

ಅಂದಿನಿಂದ ನನ್ನ ಪಟ್ಟಿಯಲ್ಲಿ ಕೂಡಿಹಾಕುವುದಕ್ಕೆ ಇಡೀ ಬೆಳಗ್ಗೆ ಇರುತ್ತದೆ. ಎಷ್ಟು ಹೊತ್ತಿಗೆ ಶುರು ಅಂತ ಗಾರ್ದಿಯಾನ್‌ಗಳನ್ನೇ ಕೇಳುತ್ತೇನೆ. ಡ್ರೋನ್ ಪೆಟ್ಟಿಗೆ ಗಾಡಿಯಲ್ಲೇ ಇರಲಿ ಅಂತ ಬರೆದೂ ಕೊಟ್ಟಿದ್ದೇನೆ. ಅದಕ್ಕೆ ಮೇಲಿನವರು ಒಪ್ಪಿದ್ದಾರೆ. ಆದರೆ ಖರ್ಚಿನ ಫಾರಂನಲ್ಲಿ ಡೀಸೆಲ್‌ಗೆ ಕಾಲಂ ಇದೆ, ಡ್ರೋನ್ ಬ್ಯಾಟರಿಗೂ ಇದೆ. ಸವಾರರ ಕೂಲಿಗೆ, ಕುದುರೆಗಳ ಮೇವಿಗೆ ಇನ್ನೂ ಇಲ್ಲ. ಪ್ರತಿ ಸಭೆಯಲ್ಲೂ ಕೇಳುತ್ತಲೇ ಇದ್ದೇನೆ.