ಗುಟ್ಟು ಗೊತ್ತಿದ್ದೂ ಹುಟ್ಟುವ ಕುತೂಹಲ

ಪತ್ತೇದಾರಿ ಸಿನಿಮಾದ ಕೊನೆಯನ್ನು ಯಾರಾದರೂ ಮೊದಲೇ ಹೇಳಿಬಿಟ್ಟರೆ ಮತ್ತೆ ನೋಡುವುದಕ್ಕೆ ಏನೂ ಉಳಿಯುವುದಿಲ್ಲ ಎಂಬ ಮಾತನ್ನು ಶಿರಸಿಯ ನಮ್ಮ ಗೆಳೆಯರ ಬಳಗದಲ್ಲಿ ಆಗಾಗ ಕೇಳುತ್ತೇನೆ. ನಾನು ಇದನ್ನು ಒಪ್ಪುವುದಿಲ್ಲ. ಕೊಲೆಗಾರ ಯಾರೆಂದು ತಿಳಿದೊಡನೆ ಸಪ್ಪೆಯಾಗುವ ಚಿತ್ರ ಒಂದು ಒಗಟು ಮಾತ್ರ. ಮನುಷ್ಯನ ಮನಸ್ಸನ್ನು ಬೆನ್ನಟ್ಟಿದ ಥ್ರಿಲ್ಲರ್ ಎರಡನೆಯ ಸಲ ನೋಡಿದಾಗಲೇ ಹೆಚ್ಚು ಕಾಡುತ್ತದೆ.

ಮೇಜಿನ ಕೆಳಗಿನ ಬಾಂಬು ತಟ್ಟನೆ ಸಿಡಿದರೆ ಪ್ರೇಕ್ಷಕನಿಗೆ ಸಿಗುವುದು 15 ಸೆಕೆಂಡುಗಳ ಬೆಚ್ಚು, ಬಾಂಬು ಅಲ್ಲಿದೆಯೆಂದು ಅವನಿಗೆ ಮೊದಲೇ ತೋರಿಸಿದ್ದರೆ 15 ನಿಮಿಷಗಳ ತಳಮಳ ಎಂದು ಥ್ರಿಲ್ಲರ್‌ಗಳ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರುಫೋ ಅವರೊಡನೆ ನಡೆಸಿದ ಸಂಭಾಷಣೆಯಲ್ಲಿ ವಿವರಿಸಿದ್ದರು. ಯಕ್ಷಗಾನ ನೋಡಿ ಬೆಳೆದ ನಮ್ಮ ಜಿಲ್ಲೆಯವರಿಗೆ ಈ ಸೂತ್ರ ಹೊಸದೇನಲ್ಲ. ‘ಕೀಚಕ ವಧೆ’ಯ ರಾತ್ರಿ ನಾಟ್ಯಶಾಲೆಯ ಕತ್ತಲಲ್ಲಿ ಸೈರಂಧ್ರಿಯ ವೇಷದ ದ್ರೌಪದಿಯ ಬದಲು ಕುಳಿತಿರುವವನು ವಲಲನಾಗಿರುವ ಭೀಮನೆಂಬುದು ಸಭೆಯಲ್ಲಿರುವ ಮಕ್ಕಳಿಗೂ ಗೊತ್ತು, ಕೀಚಕನಿಗೊಬ್ಬನಿಗೇ ಗೊತ್ತಿಲ್ಲ. ಅವನು ಶೃಂಗರಿಸಿಕೊಂಡು, ಭಾಗವತರ ಪದಕ್ಕೆ ಹಿಗ್ಗಿ ಹೆಜ್ಜೆ ಹಾಕುತ್ತ, ಒಂದೊಂದೇ ಮಾತಿನಲ್ಲಿ ತನ್ನ ಆಸೆಯನ್ನು ಬಿಚ್ಚಿಡುತ್ತ ಮುಂದೆ ಬಂದಷ್ಟೂ ನಾವು ಉಸಿರು ಬಿಗಿಹಿಡಿಯುತ್ತೇವೆ. ಅಂಥ ದುಷ್ಟನ ಮೇಲೂ ಆ ಗಳಿಗೆಯಲ್ಲಿ ಒಂದು ಕನಿಕರ ಸುಳಿಯುತ್ತದೆ. ಅಪರಾಧ ಚಿತ್ರಗಳಲ್ಲಿ ನಾನು ಹುಡುಕುವುದು ಇದೇ ಇಬ್ಬಂದಿಯನ್ನು.

ಹಿಚ್‌ಕಾಕ್ ಅವರ ‘ವರ್ಟಿಗೋ’ (1958) ಈ ಇಬ್ಬಂದಿಯನ್ನು ಬಹಳ ಆಳಕ್ಕೆ ಒಯ್ದ ಚಿತ್ರ. ಮೂಲ ಫ್ರೆಂಚ್ ಕಾದಂಬರಿ ಗುಟ್ಟನ್ನು ಕೊನೆಯವರೆಗೂ ಮುಚ್ಚಿಟ್ಟರೆ, ಚಿತ್ರ ಅದನ್ನು ಇನ್ನೂ ಸಾಕಷ್ಟು ಕಥೆ ಬಾಕಿಯಿರುವಾಗಲೇ ಬಿಟ್ಟುಕೊಡುತ್ತದೆ: ನಾಯಕ ಪ್ರೀತಿಸಿದವಳ ವೇಷದಲ್ಲಿದ್ದವಳು ತಾನೇ ಎಂದು ಜೂಡಿ ತಪ್ಪೊಪ್ಪಿಗೆಯ ಪತ್ರ ಬರೆದು, ಅದನ್ನು ಹರಿದುಹಾಕುತ್ತಾಳೆ. ಸತ್ತಳೆಂದು ನಂಬಿರುವ ಪ್ರೇಯಸಿಯ ರೂಪಕ್ಕೆ ಜೂಡಿಯನ್ನು ತಿದ್ದಲು ಹೊರಟ ನಾಯಕನಿಗೆ ಅದೇ ಬೂದು ಉಡುಪು, ಅದೇ ಬಣ್ಣದ ಕೂದಲು ದೊರೆತ ಮೇಲೂ ತೃಪ್ತಿಯಿಲ್ಲ. ಅವಳು ಕೂದಲನ್ನು ಹಿಂದಕ್ಕೆ ಎತ್ತಿ ಕಟ್ಟಲೇಬೇಕು. ಅವಳು ಕೊನೆಗೆ ಮಣಿದು ಒಳಗೆ ಹೋಗುತ್ತಾಳೆ. ಗುಟ್ಟು ತಿಳಿಯದಿದ್ದರೆ ಅದು ಹಟಮಾರಿಯೊಬ್ಬನ ಹುಚ್ಚಾಟವಾಗಿ ಮುಗಿಯುತ್ತಿತ್ತು. ತಿಳಿದಿರುವುದರಿಂದ ಅವಳ ಪ್ರೀತಿ, ಪಾಪಪ್ರಜ್ಞೆ, ಸಿಕ್ಕಿಬೀಳುವ ಭಯ ಮೂರೂ ಒಟ್ಟಿಗೆ ಕಾಣುತ್ತವೆ.

ಇತ್ತೀಚಿನ ಹಲವು ಚಿತ್ರಗಳು ಕೊನೆಯ ಹತ್ತು ನಿಮಿಷಗಳಲ್ಲಿ ತಿರುವಿನ ಮೇಲೆ ತಿರುವು ತಂದು, ಅಲ್ಲಿಯವರೆಗೆ ನಾವು ಕಂಡ ಪಾತ್ರವನ್ನೇ ಸುಳ್ಳಾಗಿಸುತ್ತವೆ. ಇದು ನನಗೆ ಬೇಸರ ತರುತ್ತದೆ.

ಕನ್ನಡದಲ್ಲಿ ಈ ಬಿಗಿಯನ್ನು ಗಂಭೀರವಾಗಿ ಸಾಧಿಸಿದವರಲ್ಲಿ ಸುನೀಲ್ ಕುಮಾರ್ ದೇಸಾಯಿ ಒಬ್ಬರು. ಅವರ ‘ತರ್ಕ’ (1989) ಹಾಡುಗಳೇ ಇಲ್ಲದ ಚಿತ್ರ, ಮತ್ತು ಅದರ ನಾಯಕ ನಮ್ಮ ಹೊನ್ನಾವರ ತಾಲ್ಲೂಕಿನಲ್ಲೇ ಹುಟ್ಟಿದ ಶಂಕರ್ ನಾಗ್. ಯಕ್ಷಗಾನದಲ್ಲಿ ಪದಗಳೇ ಕಥೆಯನ್ನು ಎಳೆದೊಯ್ಯುವುದರಿಂದ ಬಿಗಿ ಸಡಿಲವಾಗುವುದಿಲ್ಲ; ಸಿನಿಮಾದ ಯುಗಳಗೀತೆಯಾದರೋ ನಮ್ಮನ್ನು ಕಥೆಯಿಂದಾಚೆ ಕರೆದೊಯ್ದು ಸುಧಾರಿಸಿಕೊಳ್ಳಲು ಬಿಡುತ್ತದೆ. ಅನುಮಾನವನ್ನು ಬೆಳೆಸಬೇಕಾದ ಚಿತ್ರಕ್ಕೆ ಆ ಬಿಡುವು ಬೇಡವೆಂದು ತೀರ್ಮಾನಿಸಲು, ಹಾಡುಗಳೇ ಜನರನ್ನು ಟಾಕೀಸಿಗೆ ಕರೆತರುತ್ತಿದ್ದ ಆ ಕಾಲದಲ್ಲಿ, ದೊಡ್ಡ ಧೈರ್ಯವೇ ಬೇಕಾಗಿತ್ತು.